ಡಿಸೆಂಬರ್ 3ರಂದು ವೇದಿಕೆ ಹತ್ತುವವರಿಗೆ

ಚಿಕ್ಕಮಗಳೂರು ಜಿಲ್ಲೆಯ ಊರೂರಲ್ಲಿ ಈ ಸಲವೂ ಅಂಗವಿಕಲರ ದಿನಾಚರಣೆ ನಡೆಸುವ ಹಿರಿಯರಿಗೆ, ಅಲ್ಲಿ ಭಾಷಣ ಮಾಡುವವರಿಗೆ, ಕೇಳಿ ಚಪ್ಪಾಳೆ ತಟ್ಟುವವರಿಗೆ, ಮರುದಿನ ಪೇಪರಿನಲ್ಲಿ ಫೋಟೋ ನೋಡಿ ‘ಅಯ್ಯೋ ಪಾಪ’ ಅನ್ನುವವರಿಗೆ,

ನಮಸ್ಕಾರ.

ನಾನು ಕೊಪ್ಪ-ಶೃಂಗೇರಿ ಕಡೆಯವಳು. ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಹೆಸರು ದೊಡ್ಡದು, ಗೌರವಧನ ಸಣ್ಣದು. ಊರಿನ ಅಂಗವಿಕಲರ ಪಟ್ಟಿ ಇಟ್ಟುಕೊಳ್ಳುವುದು, ಅರ್ಜಿ ತುಂಬುವುದು, ಕ್ಯಾಂಪಿಗೆ ಕರೆದುಕೊಂಡು ಹೋಗುವುದು, ಮಾಸಾಶನ ನಿಂತುಹೋದರೆ ಓಡಾಡುವುದು ನನ್ನ ಕೆಲಸ. ಓಡಾಡುವುದು ಅಂತ ಬರೆದೆ. ನನ್ನ ಎಡಗಾಲಿಗೆ ಎರಡು ವರ್ಷದವಳಿದ್ದಾಗಲೇ ಪೋಲಿಯೋ ಆಗಿದೆ. ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆ ಕೊಡುವ ಪಟ್ಟಿ, ಹಾಕಿಕೊಂಡು ನಡೆಯುತ್ತೇನೆ. ಸೈಡ್ ವೀಲ್ ಸ್ಕೂಟರ್ ಇದೆ. ಸ್ಕೂಟರ್ ಹೋಗದ ಕಡೆ ಕುಂಟುತ್ತಾ ಹೋಗುತ್ತೇನೆ. ‘ಕುಂಟುತ್ತಾ’ ಅಂದಿದ್ದಕ್ಕೆ ನೀವು ಬೇಜಾರು ಮಾಡಿಕೊಳ್ಳಬೇಡಿ. ಕಾಲು ನನ್ನದು.

ಈ ಪತ್ರ ಬರೆಯೋಕೆ ಕಾರಣ ಒಂದು ಕ್ಯಾಂಪ್. ಯಾವ ಊರಿನದು, ಯಾವ ಆಸ್ಪತ್ರೆಯದು ಅಂತ ಹೇಳುವುದಿಲ್ಲ. ಅಲ್ಲಿ ದೊಡ್ಡ ತಪ್ಪು ಮಾಡಿದವಳು ನಾನೇ.

ನಮ್ಮ ಪಂಚಾಯಿತಿಗೆ ಸೇರಿದ ಒಂದು ಗಿರಿಜನ ಕಾಲೋನಿ ಇದೆ. ಹಸಲರ ಮನೆಗಳು ಜಾಸ್ತಿ, ಗೌಡಲು ಜನರದ್ದು ಒಂದೆರಡು. ಟಾರ್ ರಸ್ತೆ ಮುಗಿಯುವ ಕಡೆ ಸ್ಕೂಟರ್ ನಿಲ್ಲಿಸಿ, ಇಳಿಜಾರು ಇಳಿದು, ಹಳ್ಳದ ಮೇಲಿನ ಕಾಲುಸಂಕ ದಾಟಬೇಕು. ಸಂಕ ಅಂದರೆ ಜೋಡಿಸಿ ಹಾಕಿದ ಎರಡು ಅಡಿಕೆ ಮರ, ಕೈ ಹಿಡಿಯೋಕೆ ಒಂದು ಬಿದಿರು. ಅಲ್ಲಿನ ಒಬ್ಬ ಹುಡುಗನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಆಗ ಅವನಿಗೆ ಒಂಬತ್ತು ವರ್ಷ. ಅಂಗವಿಕಲತೆ ಎಷ್ಟು ಪರ್ಸೆಂಟ್ ಅಂತ ಬರೆದುಕೊಡುವ ಕಾರ್ಡ್ ಮಾಡಿಸೋಣ ಅಂತ ಅವನನ್ನೂ ಅವನ ತಾಯಿಯನ್ನೂ ಕ್ಯಾಂಪಿಗೆ ಕರೆದುಕೊಂಡು ಹೋದೆ.

“ಏನಮ್ಮಾ, ಮಗನಿಗೆ ಏನು ತೊಂದರೆ?” ಅಂದರು ಡಾಕ್ಟರ್.

“ಎಂತದೂ ತೊಂದರೆ ಇಲ್ಲ ಸಾರ್. ಕಿವಿ ಕೇಳಲ್ಲ, ಅಷ್ಟೇ.”

ಡಾಕ್ಟರ್ ನಕ್ಕರು. ಪಕ್ಕದಲ್ಲಿ ಅರ್ಜಿ ಜೋಡಿಸುತ್ತಿದ್ದವರು ನಕ್ಕರು. ನಾನೂ ನಕ್ಕೆ. “ಮತ್ತೆ ಇಲ್ಲಿಗ್ಯಾಕೆ ಬಂದ್ರಿ?” ಅಂದಾಗ ಆ ತಾಯಿ ನನ್ನ ಕಡೆ ಕೈ ತೋರಿಸಿ, “ಈ ಅಕ್ಕ ಬಾ ಅಂದ್ರು, ಬಂದೆ” ಅಂದರು.

(ಇಲ್ಲೊಂದು ಮಾತು. ಈ ಪತ್ರವನ್ನು ಮೊದಲು ಬರೆದಾಗ ಡಾಕ್ಟರಿಗೆ ‘ಅಂದರು’, ಆ ತಾಯಿಗೆ ‘ಅಂದಳು’ ಅಂತ ಬರೆದಿದ್ದೆ. ಎರಡನೇ ಸಲ ಓದುವಾಗ ಕಣ್ಣಿಗೆ ಬಿತ್ತು. ತಿದ್ದಿದ್ದೇನೆ.)

ಅವತ್ತು ಕೆಲಸ ಆಗಲಿಲ್ಲ. ಕಿವಿ ಎಷ್ಟು ಕೇಳುತ್ತದೆ ಅಂತ ಮೆಷಿನ್ನಿನಲ್ಲಿ ನೋಡುವ ಬೆರಾ ಟೆಸ್ಟ್ ಆಗಬೇಕು ಅಂತ ದೊಡ್ಡ ಊರಿಗೆ ಬರೆದುಕೊಟ್ಟರು. ಹೊರಗೆ ಬಂದಮೇಲೆ ನಾನು ಆ ತಾಯಿಗೆ ಚೆನ್ನಾಗಿ ಬೈದೆ. “ಹಾಗೆಲ್ಲ ಹೇಳಿದ್ರೆ ಪರ್ಸೆಂಟ್ ಬರುತ್ತಾ? ಮುಂದಿನ ಸಲ ಕೇಳಿದ್ರೆ, ಇವನ ಕೈಲಿ ಏನೂ ಆಗಲ್ಲ, ಸುಮ್ನೆ ಮನೇಲಿ ಕೂತಿರ್ತಾನೆ, ನಾವು ಹೋದ್ಮೇಲೆ ಇವನಿಗೆ ಯಾರು ಗತಿ ಅಂತ ಹೇಳು. ಸ್ವಲ್ಪ ಅತ್ತರೂ ಪರವಾಗಿಲ್ಲ.” ಬಸ್ ಬರುವ ತನಕ ಅದನ್ನೇ ಎರಡು ಮೂರು ಸಲ ಹೇಳಿಸಿದೆ. ಶಾಲೆಯಲ್ಲಿ ಮಗ್ಗಿ ಹೇಳಿಸಿದ ಹಾಗೆ.

ಮುಂದಿನ ಸಲ ಅವರು ಹೇಳಿದರು. ಟೋಕನ್ ಕೊಡುವವರಿಗೆ, ಟೆಸ್ಟ್ ಮಾಡುವವರಿಗೆ, ಕೊನೆಗೆ ಡಾಕ್ಟರಿಗೆ. ಹೇಳುತ್ತಾ ಹೇಳುತ್ತಾ ಮೂರನೇ ಸಲಕ್ಕೆ ನಿಜವಾಗಿಯೂ ಅಳು ಬಂತು. ಹುಡುಗ ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಕಿವಿ ಕೇಳದ ಮಕ್ಕಳು ಮುಖ ಓದುವಷ್ಟು ಚೆನ್ನಾಗಿ ನಾವು ಪೇಪರ್ ಕೂಡ ಓದುವುದಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಅವನು ಅಮ್ಮನ ತೋಳು ತಟ್ಟಿ ಕೈಯಲ್ಲಿ ಏನೋ ಕೇಳಿದ. ಅವರು ಕಿಟಕಿ ಕಡೆ ತಿರುಗಿದರು. “ಎಂತ ಕೇಳ್ತಿದಾನೆ?” ಅಂದೆ.

“ನಾ ಎಂತ ಮಾಡ್ದೆ ಅಂತ ಕೇಳ್ತಿದಾನೆ ಅಕ್ಕ.”

ಇದರಲ್ಲಿ ಇನ್ನೂ ಒಂದು ಇದೆ. ಕಿವಿಯ ಪರ್ಸೆಂಟ್ ಹೇಳುವುದು ಮೆಷಿನ್. ಅಮ್ಮನ ಮಾತಿಗೆ ಅಲ್ಲಿ ಲೆಕ್ಕವೇ ಇರಲಿಲ್ಲ. ನಾನು ಬಾಯಿಪಾಠ ಮಾಡಿಸಿದ್ದು ಒಂದು ಪರ್ಸೆಂಟಿನ ಉಪಯೋಗಕ್ಕೂ ಬರಲಿಲ್ಲ.

ಕಾರ್ಡ್ ಬಂತು. ಮಾಸಾಶನವೂ ಶುರುವಾಯಿತು. ಅದು ಆ ಮನೆಗೆ ಬೇಕಾಗಿತ್ತು. ಹಾಗಾಗಿ ಕಾರ್ಡ್ ಬೇಡ, ಪರ್ಸೆಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. 1995ರ ಕಾನೂನಿನಲ್ಲಿ ಏಳು ಬಗೆಯ ಅಂಗವಿಕಲತೆ ಮಾತ್ರ ಇತ್ತು. 2016ರ ಕಾನೂನಿನಲ್ಲಿ 21 ಆಗಿದೆ. ಸರ್ಕಾರಿ ಕೆಲಸದಲ್ಲಿ 3 ಪರ್ಸೆಂಟ್ ಮೀಸಲಾತಿ 4 ಆಗಿದೆ. ಇದೆಲ್ಲ ಯಾರೋ ದಾನ ಕೊಟ್ಟಿದ್ದಲ್ಲ, ನಮ್ಮಂಥವರು ಧರಣಿ ಕೂತು ತಂದಿದ್ದು. ಸವಲತ್ತು ಸಿಗಬೇಕಾದರೆ ಹೆಚ್ಚಿನ ಕಡೆ 40 ಪರ್ಸೆಂಟ್ ದಾಟಬೇಕು. ಈಗ ಕಾರ್ಡಿಗೆ ಬಣ್ಣ ಬೇರೆ ಬಂದಿದೆ. 40ಕ್ಕಿಂತ ಕಮ್ಮಿ ಇದ್ದರೆ ಬಿಳಿ, 80ರ ಒಳಗಿದ್ದರೆ ಹಳದಿ, ಅದರ ಮೇಲೆ ನೀಲಿ. ನಮ್ಮ ಮನೆಗಳಲ್ಲಿ ರೇಷನ್ ಕಾರ್ಡಿನ ಬಣ್ಣದ ಜೊತೆ ಇನ್ನೊಂದು ಬಣ್ಣ ನೆನಪಿಟ್ಟುಕೊಳ್ಳಬೇಕು, ಅಷ್ಟೇ.

ನನ್ನ ತಕರಾರು ಬೇರೆ. ಆ ತಾಯಿ ಮೊದಲ ಸಲ ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ನನಗೆ ಸುಳ್ಳು ಅಂತ ಯಾಕೆ ಕೇಳಿಸಿತು? ಅದನ್ನು ತಿಳಿದುಕೊಳ್ಳೋಕೆ ನಾನು ಮತ್ತೆ ಮತ್ತೆ ಸಂಕ ದಾಟಿದೆ. ಹೋದ ಹೊಸದರಲ್ಲಿ ಕ್ಷಮೆ ಕೇಳೋಕೆ ಅಂತ ಹೋಗುತ್ತಿದ್ದೆ. ಆಮೇಲೆ ಸುಮ್ನೆ ಹೋಗೋಕೆ ಶುರು ಮಾಡಿದೆ.

ಆ ಮನೆಯಲ್ಲಿ ಎಲ್ಲರ ಕೈಯೂ ಮಾತಾಡುತ್ತದೆ. ಅಕ್ಕಪಕ್ಕದ ಮನೆಯವರದ್ದೂ. ಮೂಗಿನ ಹತ್ತಿರದಿಂದ ತೋಳು ಇಳಿಬಿಟ್ಟರೆ ಆನೆ. ತಲೆಯ ಎರಡು ಕಡೆ ಬೆರಳು ಬಗ್ಗಿಸಿದರೆ ಕಾಟಿ, ಅಂದರೆ ಕಾಡುಕೋಣ. ಹೆಗಲಿಗೆ ಚೀಲ ಏರಿಸಿದಂತೆ ಮಾಡಿದರೆ ಆಶಾ ಕಾರ್ಯಕರ್ತೆ. ಹೊಟ್ಟೆಯ ಮುಂದೆ ಕೈ ದುಂಡಗೆ ಸುತ್ತಿದರೆ ಯಾರು ಅಂತ ನಾನು ಬರೆಯುವುದಿಲ್ಲ, ಅವರು ಪೇಪರ್ ಓದುತ್ತಾರೆ. ನನಗೂ ಒಂದು ಹೆಸರಿದೆ. ಮಂಡಿಯ ಪಕ್ಕದಲ್ಲಿ ಎರಡು ಬೆರಳಿಂದ ಏನನ್ನೋ ಮೇಲಕ್ಕೆಳೆದಂತೆ ಮಾಡುವುದು. ಕ್ಯಾಲಿಪರ್ ಹಾಕಿದವರಿಗೆ ಅರ್ಥವಾಗುತ್ತದೆ. ಕೂರುವ ಮೊದಲು ಮಂಡಿಯ ಲಾಕ್ ಮೇಲೆಳೆದರೆ ಮಾತ್ರ ಕಾಲು ಮಡಚುತ್ತದೆ. ನಾನು ಅವರ ಜಗಲಿಯಲ್ಲಿ ಕೂರುವಾಗಲೆಲ್ಲ ಅದನ್ನೇ ಮಾಡುತ್ತೇನಲ್ಲ, ಹುಡುಗ ಅದನ್ನೇ ಹಿಡಿದಿದ್ದಾನೆ.

ಮೊದಲ ಸಲ ನೋಡಿದಾಗ ಮೈ ಉರಿಯಿತು. ಶಾಲೆಯಲ್ಲಿ ನನ್ನ ನಡಿಗೆ ಅನುಕರಿಸಿ ನಗುತ್ತಿದ್ದ ಹುಡುಗರು ನೆನಪಾದರು. ಆದರೆ ಇಲ್ಲಿ ಯಾರೂ ನಗುತ್ತಿರಲಿಲ್ಲ. ಆಶಾ ಅವರಿಗೆ ಚೀಲ ಇದ್ದಂತೆ ನನಗೆ ಮಂಡಿ. ಗುರುತು ಹಿಡಿಯೋಕೆ ಕಣ್ಣಿಗೆ ಕಂಡಿದ್ದು ಅದು.

ಇದೇನು ಆ ಕಾಲೋನಿಯ ಪವಾಡವಲ್ಲ. ನಮ್ಮದೇ ರಾಜ್ಯದ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ತಲೆಮಾರುಗಳಿಂದ ಕಿವಿ ಕೇಳದವರು ಹೆಚ್ಚು. ಅಲ್ಲಿ ಊರಿನದೇ ಒಂದು ಕೈಭಾಷೆ ಬೆಳೆದಿದೆ. ಕಿವಿ ಕೇಳುವವರೂ ಅದನ್ನು ಆಡುತ್ತಾರೆ. ಭಾಷಾತಜ್ಞರು ಅದನ್ನು ಅಲೀಪುರ ಸಂಕೇತ ಭಾಷೆ ಅಂತ ದಾಖಲಿಸಿದ್ದಾರೆ. ಅಮೆರಿಕದ ಹುಲ್ಲುಗಾವಲಿನ ಆದಿವಾಸಿಗಳು ಒಬ್ಬರ ಮಾತು ಒಬ್ಬರಿಗೆ ಬಾರದಿದ್ದಾಗ ಕೈಮಾತಿನಲ್ಲೇ ವ್ಯಾಪಾರ, ರಾಜಿ, ಕಥೆ ಎಲ್ಲ ನಡೆಸುತ್ತಿದ್ದರು. ಅಂಥ ಜಾಗದಲ್ಲಿ ಕಿವಿ ಕೇಳದವರು ಎಷ್ಟು ಸಲೀಸಾಗಿ ಇದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಆ ಕಾಲೋನಿಯ ಒಬ್ಬ ಅಜ್ಜಿಯ ವಿಷಯ. ಅವರಿಗೆ ಕಣ್ಣು ಕಾಣುವುದಿಲ್ಲ. ಕಾರ್ಡಿನಲ್ಲಿ ನೂರಕ್ಕೆ ನೂರು. ಅಡಿಕೆ ಸುಲಿಯುವ ಕಾಲಕ್ಕೆ ಅವರು ಪಕ್ಕದ ತೋಟದ ಮನೆಗೆ ಸುಲಿಯೋಕೆ ಹೋಗುತ್ತಾರೆ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸಂಜೆಯಾದ ಮೇಲೆ ಅಂಗಳದಲ್ಲಿ ಲೈಟ್ ಹಾಕಿಕೊಂಡು, ಹತ್ತು ಹನ್ನೆರಡು ಜನ ಸುತ್ತ ಕೂತು, ಮೆಟ್ಟುಗತ್ತಿಯ ಮೇಲೆ ರಾತ್ರಿ ತನಕ ಸುಲಿಯುತ್ತಾರೆ. ಕೂಲಿ ಸುಲಿದ ಅಡಿಕೆಯ ಅಳತೆ ಮೇಲೆ. ಒಂದು ಸಲ ಯಾರದೋ ಆಧಾರ್ ಜೆರಾಕ್ಸ್ ಇಸಿದುಕೊಳ್ಳೋಕೆ ನಾನು ಅಲ್ಲಿಗೆ ಹೋಗಿದ್ದೆ. ಅಜ್ಜಿ ಕಾಯಿಯನ್ನು ಕತ್ತಿಯ ಮೊನೆಗೆ ಒತ್ತುವ ಮೊದಲು ಒಂದು ಸಲ ಬೆರಳಲ್ಲಿ ಉರುಳಿಸಿ ತೊಟ್ಟು ಎಲ್ಲಿದೆ ನೋಡುತ್ತಾರೆ. ‘ನೋಡುತ್ತಾರೆ’ ಅಂತಲೇ ಬರೆಯುತ್ತೇನೆ, ಅವರೂ ಹಾಗೇ ಹೇಳುವುದು. ಎರಡು ಸೀಳು, ಸಿಪ್ಪೆ ಹಿಂದಕ್ಕೆ, ಅಡಿಕೆ ಬುಟ್ಟಿಗೆ. ಕೈಗೆ ಮೆತ್ತಗೆ ಸಿಕ್ಕಿದ್ದು ಒಂದು ಬುಟ್ಟಿ, ಗಟ್ಟಿ ಸಿಕ್ಕಿದ್ದು ಇನ್ನೊಂದು. ಬುಟ್ಟಿ ತಪ್ಪಿದ್ದು ನಾನು ನೋಡಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಿಗಳೆಲ್ಲ ನಿಂತವು. ಬೆರಳು ಹೋದೀತು ಅಂತ ಭಯ. ಒಳಗಿನಿಂದ ಟಾರ್ಚ್ ತರೋಕೆ ಯಾರೋ ಓಡಿದರು. ಆ ಕತ್ತಲಲ್ಲಿ ಒಂದೇ ಒಂದು ಕತ್ತಿಯ ಸದ್ದು ನಡೆಯುತ್ತಲೇ ಇತ್ತು. ಚರಕ್, ಚರಕ್. ಪಕ್ಕದಲ್ಲಿದ್ದ ಹೆಂಗಸು, “ನಿಲ್ಸೇ ದೊಡ್ಡಮ್ಮ, ಕರೆಂಟ್ ಹೋಗಿದೆ” ಅಂದರು.

“ನಂಗೆ ಕರೆಂಟು ಯಾವಾಗ ಬಂದಿತ್ತು ಮಾರಾಯ್ತಿ?”

ಅಂಗಳ ಪೂರ್ತಿ ನಕ್ಕಿತು. ಅಜ್ಜಿಯೂ ನಕ್ಕರು. ಅವತ್ತು ಅವರ ಲೆಕ್ಕಕ್ಕೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಅಡಿಕೆ ಸೇರಿತು. ಇದನ್ನು ನಾನು ಮೀಟಿಂಗ್ ಒಂದರಲ್ಲಿ ಹೇಳಿದಾಗ ಒಬ್ಬರು, “ಹಾಗಾದರೆ ಅವರಿಗೆ ಮಾಸಾಶನ ಯಾಕೆ, ದುಡಿಯುತ್ತಾರಲ್ಲ” ಅಂದರು. ನೋಡಿ, ನಮ್ಮ ತಲೆ ಹೇಗೆ ಓಡುತ್ತದೆ! ಒಂದೋ ಕೈಲಾಗದವರು, ಇಲ್ಲವೇ ಕಳ್ಳ ಫಲಾನುಭವಿಗಳು. ನಡುವೆ ಜಾಗವೇ ಇಲ್ಲ. ಮಳೆಗಾಲದಲ್ಲಿ ಅಡಿಕೆ ಇರುವುದಿಲ್ಲ, ಸಂಕದ ಮೇಲೆ ನೀರು ಹರಿಯುತ್ತದೆ, ಅಜ್ಜಿಗೆ ಆಗ ದುಡ್ಡು ಬೇಕು. ಇಷ್ಟು ಸರಳ.

ಆ ಅಜ್ಜಿಗೆ ಒಮ್ಮೆ ಕೇಳಿದೆ, ನಿಮ್ಮಲ್ಲಿ ಅಂಗವಿಕಲರಿಗೆ ಏನಂತೀರಿ ಅಂತ. “ಹಂಗಂದ್ರೆ ಯಾರು?” ಅಂದರು. ಕಣ್ಣು ಕಾಣದವರು, ಕಿವಿ ಕೇಳದವರು, ಕಾಲು ಬರದವರು ಅಂತ ವಿವರಿಸಿದೆ. “ಅವೆಲ್ಲ ಬೇರೆ ಬೇರೆ ಅಲ್ವಾ? ಎಲ್ಲ ಸೇರ್ಸಿ ಒಂದೇ ಹೆಸರು ಯಾಕೆ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲೋನಿಯವರು ಸಿಹಿಯಾಗಿ ಮಾತಾಡುತ್ತಾರೆ ಅಂದುಕೊಳ್ಳಬೇಡಿ. ಹುಡುಗನನ್ನು ‘ಕಿವ್ಡ’ ಅಂತಲೇ ಕೂಗುತ್ತಾರೆ, ಅವನಿಗೆ ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ. ಆದರೆ ಜೇನು ಕೀಳೋಕೆ ಹೋಗುವಾಗ ಅವನನ್ನು ಬಿಟ್ಟು ಹೋಗುವುದಿಲ್ಲ. ನಾವು ‘ವಿಶೇಷಚೇತನ’ ಅಂತ ಕರೆದು ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಆಮೇಲೆ ಮೊಬೈಲಲ್ಲಿ ಹುಡುಕಿ ಓದಿದೆ. ಆಸ್ಟ್ರೇಲಿಯಾದ ಮೂಲನಿವಾಸಿ ಅಂಗವಿಕಲರದ್ದೇ ಒಂದು ಸಂಘಟನೆ ಇದೆ, ಫಸ್ಟ್ ಪೀಪಲ್ಸ್ ಡಿಸೆಬಿಲಿಟಿ ನೆಟ್‌ವರ್ಕ್ ಅಂತ. ತಮ್ಮ ಹಳೆಯ ಭಾಷೆಗಳಲ್ಲಿ ‘ಅಂಗವಿಕಲತೆ’ಗೆ ಸಮನಾದ ಶಬ್ದವೇ ಇಲ್ಲ ಅಂತ ಅವರೂ ಹೇಳುತ್ತಾರೆ. ಅಜ್ಜಿಯ ಮಾತನ್ನು ಅಷ್ಟು ದೂರದಲ್ಲೂ ಯಾರೋ ಹೇಳುತ್ತಿದ್ದಾರಲ್ಲ ಅಂತ ಖುಷಿಯಾಯಿತು. ನ್ಯೂಜಿಲೆಂಡಿನ ಮಾವೊರಿಗಳು ಹೊಸ ಶಬ್ದ ಕಟ್ಟಿಕೊಂಡಿದ್ದಾರೆ. ಆಟಿಸಂಗೆ ‘ತಕಿವಾತಂಗ’ ಅನ್ನುತ್ತಾರೆ. ತನ್ನದೇ ಹೊತ್ತಿನಲ್ಲಿ, ತನ್ನದೇ ಜಾಗದಲ್ಲಿ ಇರುವುದು ಅಂತ ಅರ್ಥ. ಅಲ್ಲಿ 2022ರಲ್ಲಿ ಅಂಗವಿಕಲರಿಗೆ ಅಂತಲೇ ಶುರುವಾದ ಸಚಿವಾಲಯಕ್ಕೆ ‘ಫೈಕಹ’ ಅಂತ ಮಾವೊರಿ ಹೆಸರಿಟ್ಟರು. ಶಕ್ತಿ ಇರುವುದು ಅನ್ನುವ ಅರ್ಥ ಅದಕ್ಕೆ. ಇಲ್ಲಿ ನಮಗೆ ‘ವಿಕಲಚೇತನ’. ಕಾಲು ವಿಕಲ ಆಗಿದೆ, ಒಪ್ಪುತ್ತೇನೆ. ಚೇತನ ಯಾವಾಗ ವಿಕಲ ಆಯಿತು? 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ‘ದಿವ್ಯಾಂಗ’ ಅನ್ನಿ ಅಂದರು. ದಿವ್ಯವಾದ ಅಂಗಕ್ಕೆ ತಿಂಗಳಿಗೊಮ್ಮೆ ಕ್ಯಾಲಿಪರ್ ರಿಪೇರಿ ಖರ್ಚು ಬರಬಾರದಿತ್ತು.

ಇಂಗ್ಲಿಷಿನಲ್ಲಿ ಏಬಲಿಸಂ ಅನ್ನುವ ಶಬ್ದ ಇದೆ. ಕನ್ನಡದಲ್ಲಿ ಒಂದು ಶಬ್ದದಲ್ಲಿ ಹೇಳೋಕೆ ನನಗೆ ಬರುವುದಿಲ್ಲ. ‘ಕೈಕಾಲು ನೆಟ್ಟಗಿದ್ದವರದ್ದೇ ಲೋಕ’ ಅನ್ನುವ ಅಹಂಕಾರ ಅಂತ ಅರ್ಥ ಮಾಡಿಕೊಂಡಿದ್ದೇನೆ. ಅದು ಕೈಕಾಲು ನೆಟ್ಟಗಿದ್ದವರಿಗೆ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ನನ್ನನ್ನು ಶಾಲೆಗೆ ಸೇರಿಸುವಾಗ ಅಮ್ಮ ಮೇಷ್ಟ್ರಿಗೆ, “ಕಾಲು ಹೋದ್ರೇನು, ತಲೆ ಸರಿ ಇದೆ ಸಾರ್” ಅಂದಿದ್ದರು. ಆ ಮಾತನ್ನು ನಲವತ್ತು ವರ್ಷ ಮೆಡಲ್ ಥರ ಹಾಕಿಕೊಂಡು ತಿರುಗಿದೆ. ಬುದ್ಧಿ ನಿಧಾನ ಇರುವವರ ಪಕ್ಕ ಸಭೆಯಲ್ಲಿ ಕೂರುತ್ತಿರಲಿಲ್ಲ. ಎಲ್ಲಿ ನನ್ನನ್ನೂ ಅವರ ಜೊತೆ ಲೆಕ್ಕ ಹಾಕುತ್ತಾರೋ ಅಂತ. ಹಾಗಾದರೆ ತಲೆ ಸರಿ ಇಲ್ಲದವರು ಯಾವ ಬಾಗಿಲಿಂದ ಶಾಲೆಗೆ ಬರಬೇಕಿತ್ತು? ಈ ಪ್ರಶ್ನೆ ನನಗೆ ಹೊಳೆದಿದ್ದು ತೀರಾ ಇತ್ತೀಚೆಗೆ.

ನಮ್ಮ ಮಾತಿನಲ್ಲೇ ಇದು ಕೂತುಬಿಟ್ಟಿದೆ. ಕುಂಟು ನೆಪ, ಜಾಣ ಕಿವುಡು, ಕುರುಡು ನಂಬಿಕೆ. ಪೇಪರಿನವರಿಗಂತೂ ‘ಕುಂಟುತ್ತಾ ಸಾಗಿದ ಕಾಮಗಾರಿ’ ಅನ್ನುವ ತಲೆಬರಹ ಇಲ್ಲದೆ ವರ್ಷ ಕಳೆಯುವುದಿಲ್ಲ. ಆ ಕಾಲೋನಿಯ ರಸ್ತೆಯ ಬಗ್ಗೆಯೂ ಅದೇ ತಲೆಬರಹ ಬಂದಿತ್ತು. ಕತ್ತರಿಸಿ ಇಟ್ಟುಕೊಂಡಿದ್ದೇನೆ. ನಾನು ಕುಂಟುತ್ತಾ ಸಾಗಿ ಎಷ್ಟೋ ಸಲ ಕಾಲೋನಿ ಮುಟ್ಟಿದ್ದೇನೆ ಸ್ವಾಮಿ. ಆ ರಸ್ತೆ ಇನ್ನೂ ಮುಟ್ಟಿಲ್ಲ. ಅದಕ್ಕೆ ಬೇರೆ ಶಬ್ದ ಹುಡುಕಿ.

ರಸ್ತೆಯ ಮಾತು ಬಂತು. ಕಾಲೋನಿ ಅಂದರೆ ಸ್ವರ್ಗ ಅಂತ ನಾನು ಬರೆಯುತ್ತಿಲ್ಲ. ಮೂರ್ಛೆ ರೋಗ ಇರುವ ಒಬ್ಬ ಹುಡುಗಿಗೆ ಅಲ್ಲಿ ಮೂರು ವರ್ಷ ಮಾತ್ರೆ ಸಿಗಲಿಲ್ಲ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು, ಬೂದಿ ಹಚ್ಚಿಸಿದರು. ಮಳೆಗಾಲದಲ್ಲಿ ಹುಷಾರಿಲ್ಲದವರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರಬೇಕು. ಆದಿವಾಸಿಗಳ ಜಾಣತನ ಅಂತ ಹೊಗಳಿ, ಸಂಕ ಹಾಗೇ ಬಿಟ್ಟರೆ ಅದು ಹೊಗಳಿಕೆಯಲ್ಲ, ಜಾರಿಕೊಳ್ಳುವುದು. ನನ್ನ ಕಾಲಿಗೆ 60 ಪರ್ಸೆಂಟ್ ಬರೆದುಕೊಟ್ಟಿದ್ದಾರೆ. ಟಾರ್ ರಸ್ತೆಯ ಮೇಲೆ ಸ್ಕೂಟರಿನಲ್ಲಿ ಕೂತರೆ ಅದು ಸೊನ್ನೆಗೆ ಇಳಿಯುತ್ತದೆ. ಜುಲೈ ತಿಂಗಳಲ್ಲಿ ಆ ಎರಡು ಅಡಿಕೆ ಮರದ ಮುಂದೆ ನಿಂತಾಗ ನೂರಕ್ಕೆ ಏರುತ್ತದೆ. ಆ ದಿನ ನನ್ನ ಜೊತೆ ನಿಲ್ಲುವ ಬಸುರಿಗೂ ಅಷ್ಟೇ, ಮೊಣಕಾಲು ನೋವಿನ ಮುದುಕರಿಗೂ ಅಷ್ಟೇ. ಕಾಲು ಅಳೆಯೋಕೆ ಡಾಕ್ಟರುಗಳ ಬೋರ್ಡ್ ಇದೆ. ಸಂಕ ಅಳೆಯೋಕೆ ಯಾರಿದ್ದಾರೆ?

ಅಳತೆ ಅಂದಾಗ ಹಂದಿಗೋಡು ನೆನಪಾಗುತ್ತದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಳ್ಳಿ. 1970ರ ದಶಕದ ಮಧ್ಯದಲ್ಲಿ ಅಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ಜನ ಬಾಗಿಹೋಗುತ್ತಿದ್ದುದು ಹೊರಗೆ ಗೊತ್ತಾಯಿತು. ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಅದು ಕಂಡಿತು. ಗದ್ದೆ ಕೆಲಸ ಮಾಡುವ ದಲಿತ ಕುಟುಂಬಗಳಲ್ಲೇ ಹೆಚ್ಚು. ಗದ್ದೆಗೆ ಹೊಡೆದ ಔಷಧಿಯಿಂದ, ಆ ಗದ್ದೆಯ ಏಡಿ ತಿಂದಿದ್ದರಿಂದ ಅಂತ ಮೊದಲು ಅನುಮಾನಪಟ್ಟರು. ವಂಶದಲ್ಲಿ ಬರುವುದು ಅಂತ ಆಮೇಲೆ ಹೇಳಿದರು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ಕಾಯಿಲೆಗೆ ಊರಿನ ಹೆಸರೇ ಇಟ್ಟರು. ಯಾವುದೇ ಊರಿನವರಿಗೆ ಹೆಣ್ಣು ಕೊಡುವಾಗ, ತರುವಾಗ ಆ ಹೆಸರು ಎಷ್ಟು ಭಾರ ಅಂತ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಒಂದು ಅಂಕಿ ಹೇಳಿ ಮುಂದೆ ಹೋಗುತ್ತೇನೆ. 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರು 2.68 ಕೋಟಿ, ಅಂದರೆ 2.21 ಪರ್ಸೆಂಟ್. ಪರಿಶಿಷ್ಟ ಪಂಗಡದಲ್ಲಿ ಮಾತ್ರ ತೆಗೆದರೆ 2.05. ಆಸ್ಪತ್ರೆ ದೂರ, ರಸ್ತೆ ಇಲ್ಲ, ಊಟ ಕಮ್ಮಿ. ಆದರೂ ಅಂಗವಿಕಲರು ಕಮ್ಮಿ! ನನ್ನ ಅಂದಾಜು ಇಷ್ಟೇ. ಒಂದೋ ಎಣಿಸುವವರು ಸಂಕದ ಈಚೆಯೇ ನಿಂತರು. ಇಲ್ಲವೇ ದಾಟಿ ಹೋಗಿ ಕೇಳಿದಾಗ ಯಾವುದೋ ತಾಯಿ “ಎಂತದೂ ತೊಂದರೆ ಇಲ್ಲ” ಅಂದರು.

ಎಣಿಕೆಗೆ ಸಿಕ್ಕವರ ಕಥೆಯಾದರೂ ಸರಿ ಇದೆಯಾ? ಆ ಹುಡುಗನ ಶ್ರವಣ ಯಂತ್ರದ ಅರ್ಜಿ ಎರಡು ಮೇಜಿನ ನಡುವೆ ಏಳು ತಿಂಗಳು ಓಡಾಡಿತು. ಒಂದು ಮೇಜಿನವರು ಇದು ಗಿರಿಜನರ ದುಡ್ಡಿನಿಂದ ಆಗಬೇಕು ಅಂದರು. ಇನ್ನೊಂದು ಮೇಜಿನವರು ಇದು ಅಂಗವಿಕಲರ ದುಡ್ಡಿನಿಂದ ಆಗಬೇಕು ಅಂದರು. ಹುಡುಗ ಎರಡೂ ಅಲ್ವಾ? ಅದಕ್ಕೇ ಎರಡೂ ಕಡೆ ಸಿಗಲಿಲ್ಲ. ಆ ಸಮಯದಲ್ಲಿ ನಾನು ಕೆನಡಾದ ಒಂದು ಮಗುವಿನ ಬಗ್ಗೆ ಓದಿದೆ. ಜೋರ್ಡನ್ ರಿವರ್ ಆಂಡರ್ಸನ್ ಅಂತ ಹೆಸರು. ನಾರ್ವೆ ಹೌಸ್ ಅನ್ನುವ ಕ್ರೀ ಆದಿವಾಸಿ ಊರಿನವನು. 1999ರಲ್ಲಿ ಹುಟ್ಟಿದಾಗಲೇ ಕಾಯಿಲೆ ಬಹಳ ಇತ್ತು, ಆಸ್ಪತ್ರೆಯಲ್ಲೇ ಬೆಳೆದ. ಎರಡು ವರ್ಷ ತುಂಬಿದ ಮೇಲೆ, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಅಂದರು ಡಾಕ್ಟರುಗಳು. ಮನೆಯ ಆರೈಕೆಯ ಖರ್ಚು ಯಾರು ಕೊಡಬೇಕು? ಬೇರೆ ಮಗುವಾಗಿದ್ದರೆ ಪ್ರಾಂತ್ಯದ ಸರ್ಕಾರ ಕೊಡುತ್ತಿತ್ತು. ಆದಿವಾಸಿ ಆದ್ದರಿಂದ ಕೇಂದ್ರ ಕೊಡಬೇಕು ಅಂತ ಅದು, ನೀವೇ ಕೊಡಿ ಅಂತ ಇದು. ಎರಡು ವರ್ಷಕ್ಕೂ ಮೇಲೆ ಜಗಳ ನಡೆಯಿತು. 2005ರಲ್ಲಿ ಆ ಮಗು ಆಸ್ಪತ್ರೆಯಲ್ಲೇ ತೀರಿಕೊಂಡಿತು. ಐದು ವರ್ಷ. ತನ್ನ ಮನೆಯಲ್ಲಿ ಒಂದು ದಿನವೂ ಇರಲಿಲ್ಲ.

2007ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಒಮ್ಮತದಿಂದ ಒಂದು ನಿರ್ಣಯ ಮಾಡಿತು. ಮಗುವಿಗೆ ಬೇಕಾದ್ದನ್ನು ಮೊದಲು ಕೊಡಬೇಕು, ಯಾರ ಖಾತೆಯಿಂದ ಅನ್ನುವ ಜಗಳ ಆಮೇಲೆ ಮಾಡಿಕೊಳ್ಳಬೇಕು. ಅದಕ್ಕೆ ಜೋರ್ಡನ್ ತತ್ವ ಅನ್ನುತ್ತಾರೆ. ಅದನ್ನು ಜಾರಿಗೆ ತರಿಸೋಕೂ ಅಲ್ಲಿನ ಆದಿವಾಸಿಗಳು ವರ್ಷಗಟ್ಟಲೆ ಕೇಸು ನಡೆಸಬೇಕಾಯಿತು. 2007 ಒಂಥರಾ ವಿಚಿತ್ರ ವರ್ಷ. ಆದಿವಾಸಿಗಳ ಹಕ್ಕಿನ ಘೋಷಣೆಯನ್ನು ವಿಶ್ವಸಂಸ್ಥೆ ಒಪ್ಪಿದ್ದು ಆ ಸೆಪ್ಟೆಂಬರಿನಲ್ಲಿ. ಅದರ 21 ಮತ್ತು 22ನೇ ವಿಧಿಗಳಲ್ಲಿ ಆದಿವಾಸಿ ಅಂಗವಿಕಲರ ಹೆಸರು ಬರುತ್ತದೆ. ಆಗ ಕೆನಡಾ ಅದರ ವಿರುದ್ಧ ಓಟು ಹಾಕಿತ್ತು, ಭಾರತ ಪರವಾಗಿ ಹಾಕಿತ್ತು. ಅಂಗವಿಕಲರ ಹಕ್ಕಿನ ಒಪ್ಪಂದವನ್ನು ಭಾರತ ಅನುಮೋದಿಸಿದ್ದೂ ಅದೇ ವರ್ಷದ ಅಕ್ಟೋಬರಿನಲ್ಲಿ. ಎರಡಕ್ಕೂ ಕೈ ಎತ್ತಿದ ನಮ್ಮ ದೇಶದಲ್ಲಿ ಎರಡು ಮೇಜಿನ ನಡುವೆ ಒಂದು ಅರ್ಜಿ ಏಳು ತಿಂಗಳು ಕೂರಬಾರದು.

ಈಗ ನಿಮ್ಮ ಕಾರ್ಯಕ್ರಮದ ಬಗ್ಗೆ. ಹಿಂದೆ ಒಂದು ವರ್ಷ ಇಂಥದೇ ವೇದಿಕೆಗೆ ನನ್ನನ್ನು ಕರೆದಿದ್ದರು, ಸನ್ಮಾನಕ್ಕೆ. ವೇದಿಕೆಗೆ ಐದು ಮೆಟ್ಟಿಲು. ಹಿಡಿದುಕೊಳ್ಳೋಕೆ ಏನೂ ಇಲ್ಲ. ಇಬ್ಬರು ಗಂಡಸರು ಎರಡು ಕಡೆ ತೋಳಿಗೆ ಕೈ ಹಾಕಿ, ನನ್ನನ್ನು ಕೇಳದೆ, ಎತ್ತಿ ಮೇಲಿಟ್ಟರು. ಸೀರೆ ಸರಿಮಾಡಿಕೊಳ್ಳೋಕೂ ಬಿಡಲಿಲ್ಲ. ಶಾಲು ಹೊದಿಸಿ ‘ಸಾಧಕಿ’ ಅಂದರು. ನಾನು ಸಾಧಿಸಿದ್ದು ಏನು? ಅರ್ಜಿ ತುಂಬಿದ್ದು. ಅದೇ ಅರ್ಜಿ ತುಂಬುವ ಪಂಚಾಯಿತಿಯ ಬೇರೆಯವರಿಗೆ ಯಾರೂ ಶಾಲು ಹೊದಿಸುವುದಿಲ್ಲ. ಸೌಲಭ್ಯ ನಿಮ್ಮ ಇಷ್ಟ ಅಂತ ಬಿಡುವಂತಿಲ್ಲ, ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲೇ ಹೇಳಿದೆ. ಇಳಿಜಾರು ಹಲಗೆ ಹಾಕೋಕೆ ಆಗದಿದ್ದರೆ ವೇದಿಕೆಯೇ ಬೇಡ. ನೆಲದ ಮೇಲೆ ಎಲ್ಲರೂ ಕುರ್ಚಿ ಹಾಕಿಕೊಂಡು ಕೂರೋಣ. ಶಾಲಿನ ದುಡ್ಡಿಗೆ ಸಂಕದ ಬಿದಿರನ್ನಾದರೂ ಹೊಸದು ಕಟ್ಟಿಸಬಹುದು. ಅಂಗವಿಕಲರಿಗೆ ಅಂತ ಪಂಚಾಯಿತಿಗಳು ಎತ್ತಿಡಬೇಕಾದ 5 ಪರ್ಸೆಂಟ್ ದುಡ್ಡಿನಲ್ಲಿ ಪೂರ್ತಿ ಕಾಲುಸೇತುವೆಗೆ ದಾರಿ ಇದೆಯಾ ಅಂತಲೂ ನೋಡಿ. ಅದರ ಮೇಲೆ ಬಸುರಿಯರೂ ನಡೆಯುತ್ತಾರೆ ಅಂತ ತಕರಾರು ಬಂದರೆ ನನಗೆ ಫೋನ್ ಮಾಡಿ.

ಕ್ಯಾಂಪ್ ಮಾಡುವವರಲ್ಲಿ ಒಂದೇ ಬೇಡಿಕೆ. ಮಕ್ಕಳ ಎದುರಿಗೆ ಅಪ್ಪ-ಅಮ್ಮನ ಹತ್ತಿರ “ಏನು ತೊಂದರೆ” ಅಂತ ಕೇಳಬೇಡಿ. ಮಗು ಏನೇನು ಮಾಡುತ್ತೆ, ಎಲ್ಲಿ ಕೈ ಜೋಡಿಸಬೇಕು ಅಂತ ಕೇಳಿ. ಪರ್ಸೆಂಟ್ ಮೆಷಿನ್ ಹೇಳುತ್ತದೆ, ಬೋರ್ಡ್ ಹೇಳುತ್ತದೆ. ಅದಕ್ಕಾಗಿ ತಾಯಂದಿರು ಅಳಬೇಕಾಗಿಲ್ಲ. ವರ್ಷಕ್ಕೊಂದು ಸಲವಾದರೂ, ಮಳೆ ಹಿಡಿಯುವ ಮೊದಲು, ಮೆಷಿನ್ ಹೊತ್ತುಕೊಂಡು ನೀವೇ ಸಂಕ ದಾಟಿ ಬನ್ನಿ. ನನ್ನ ಜೊತೆ ಕೆಲಸ ಮಾಡುವ ಬೇರೆ ಊರುಗಳ ವಿ.ಆರ್.ಡಬ್ಲ್ಯೂ. ಅಕ್ಕ ತಮ್ಮಂದಿರಿಗೂ ಒಂದು ಮಾತು. ಬಾಯಿಪಾಠ ಮಾಡಿಸುವುದು ನಾನೊಬ್ಬಳೇ ಅಲ್ಲ ಅಂತ ನನಗೆ ಗೊತ್ತು. ನಿಲ್ಲಿಸೋಣ.

ಆ ಹುಡುಗನಿಗೆ ಈಗ ಹದಿನಾಲ್ಕು. ಶ್ರವಣ ಯಂತ್ರ ಕೊನೆಗೂ ಬಂತು. ಒಂದು ವಾರ ಹಾಕಿ ಗೂಡಿನಲ್ಲಿಟ್ಟ, ಕಿರಿಕಿರಿ ಅಂತೆ. ನಾನು ಮತ್ತೆ ಬೈಯಲಿಲ್ಲ. ನನಗೆ ಈಗ ಅವನ ಕೈಮಾತು ಸುಮಾರು ನಲವತ್ತು ಶಬ್ದ ಬರುತ್ತದೆ. ಕ್ಷಮೆ ಕೇಳುವುದು ಹೇಗೆ ಅಂತ ಇನ್ನೂ ಕಲಿತಿಲ್ಲ. ಅವನ ತಾಯಿಯನ್ನು ಕೇಳಿದರೆ, “ಅದಕ್ಕೆ ನಮ್ಮಲ್ಲಿ ಕೈ ಇಲ್ಲ ಅಕ್ಕ, ಕೂತು ಊಟ ಮಾಡಿ ಹೋಗಿ” ಅನ್ನುತ್ತಾರೆ.

ಈ ಡಿಸೆಂಬರ್ 3ರಂದು ನಾನು ಕಾರ್ಯಕ್ರಮಕ್ಕೆ ಬರುವುದಿಲ್ಲ. ಅಡಿಕೆ ಸುಲಿಯುವ ಕಾಲ, ಅಜ್ಜಿಯ ಜೊತೆ ಅದೇ ಅಂಗಳದಲ್ಲಿ ಇರುತ್ತೇನೆ. ಭಾಷಣ ಮುಗಿಸಿ ನೀವೂ ಬನ್ನಿ. ಟಾರ್ ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ, ಸಂಕದ ಹತ್ತಿರ ಬಂದು ಕೂಗಿ. ಹುಡುಗ ಬಂದು ಕೈ ಹಿಡಿದು ದಾಟಿಸುತ್ತಾನೆ. ಕೂಗಿದ್ದು ಅವನಿಗೆ ಕೇಳಿಸುವುದಿಲ್ಲ, ಬೇರೆ ಯಾರಾದರೂ ಕೇಳಿ ಅವನನ್ನು ಕಳಿಸುತ್ತಾರೆ. ಟಾರ್ಚ್ ತನ್ನಿ. ರಾತ್ರಿ ಕರೆಂಟ್ ಹೋಗುತ್ತದೆ, ನಿಮಗೆ ಬೇಕಾಗುತ್ತದೆ.

ಇಂತಿ,
ಕೊಪ್ಪ-ಶೃಂಗೇರಿ ಕಡೆಯ ಒಬ್ಬ ವಿ.ಆರ್.ಡಬ್ಲ್ಯೂ.